ಕೊಂಬೆ ಕಡಿದರೆ ದಾರಿ ಕಡಿಯುತ್ತದೆ

ಕಾಡುಪಾಪಕ್ಕೆ ನೆಗೆಯಲು ಬರುವುದಿಲ್ಲ. ಹಿಂಗಾಲಲ್ಲಿ ಒಂದು ಕೊಂಬೆಯನ್ನು ಬಿಗಿಹಿಡಿದು, ಮೈ ಚಾಚಿ, ಮುಂದಿನ ಕೊಂಬೆ ಕೈಗೆ ಸಿಕ್ಕಮೇಲಷ್ಟೇ ಹಿಂದಿನದನ್ನು ಬಿಡುತ್ತದೆ. ಬಾಲವಿಲ್ಲದ, ಕಾಲು ಕಿಲೋ ಆಸುಪಾಸು ತೂಗುವ ಈ ನಿಶಾಚರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಬದುಕಿದೆ. ಎರಡು ಮರಗಳ ನಡುವೆ ಒಂದು ಮಾರು ಬಯಲಾದರೆ ಸಾಕು, ಅದರ ದಾರಿ ಮುಗಿಯಿತು. ನೆಲಕ್ಕಿಳಿದರೆ ನಾಯಿ, ವಾಹನ. ತಂತಿ ಹಿಡಿದರೆ ವಿದ್ಯುತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳಿಂದ ಲೆಕ್ಕಹಾಕಿದಂತೆ, 1973ರಿಂದ 2013ರೊಳಗೆ ಬೆಂಗಳೂರಿನ ಹಸಿರು ಶೇ. 78ರಷ್ಟು ಕುಗ್ಗಿತು. ಉಳಿದದ್ದು ತುಂಡು ತುಂಡು. ಒಂದು ತುಂಡಿನೊಳಗೆ ಸಿಕ್ಕಿಕೊಂಡ ಕಾಡುಪಾಪಗಳು ತಮ್ಮತಮ್ಮಲ್ಲೇ ಕೂಡಿ ಮರಿ ಹಾಕುತ್ತವೆ. ತಲೆಮಾರು ಕಳೆದಂತೆ ಸಂತತಿ ಬಲಗುಂದುತ್ತದೆ. ರಾತ್ರಿ ಟಾರ್ಚಿನ ಬೆಳಕಿಗೆ ಇಂದು ಕಣ್ಣು ಹೊಳೆಯಿತೆಂದು ನೆಮ್ಮದಿಪಡುವಂತಿಲ್ಲ. ಇಂಥ ಅಳಿವು ಬಹಳ ವರ್ಷ ಕಣ್ಣಿಗೇ ಬೀಳುವುದಿಲ್ಲ, ನನ್ನ ಭಯ ಇರುವುದೂ ಅಲ್ಲೇ.

ಕಾಡುಪಾಪ ದಾಟುವ ಅದೇ ಕೊಂಬೆಗಳ ಕೆಳಗೆ ನಡೆಯುವವರು ನಾವು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಲುಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ, ಡಾಂಬರು 27.5 ಡಿಗ್ರಿಯವರೆಗೆ ತಂಪು. 2024ರ ಏಪ್ರಿಲ್ 28ರಂದು ನಗರದ ಉಷ್ಣಾಂಶ 38.5 ಡಿಗ್ರಿ ಮುಟ್ಟಿತ್ತು. ಹವಾಮಾನ ಇನ್ನೂ ಬಿಸಿಯಾಗಲಿರುವ ದಿನಗಳಲ್ಲಿ ತಳ್ಳುಗಾಡಿಯವರಿಗೆ, ಪೌರಕಾರ್ಮಿಕರಿಗೆ ಆ ನೆರಳು ಪ್ರಾಣದ ಪ್ರಶ್ನೆ.

ನಮ್ಮ ಕಾನೂನಿಗೆ ಮಾತ್ರ ಈ ನಂಟು ಕಾಣುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರಗಳನ್ನು ಎಣಿಸುತ್ತದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಜನರ ಆಕ್ಷೇಪಣೆ ಕೇಳಬೇಕು. ಆದರೆ ಎರಡು ತೋಪುಗಳನ್ನು ಬೆಸೆದಿರುವುದು ಒಂದೇ ಒಂದು ಮಳೆಮರವಾಗಿದ್ದರೆ? ಅದು ಲೆಕ್ಕದಲ್ಲಿ ಬರೀ ಒಂದು. ಅದಕ್ಕೆ ಬದಲು ಊರಾಚೆ ಸಸಿ ನೆಟ್ಟರೆ ಕಾಡುಪಾಪಕ್ಕೂ ಪ್ರಯೋಜನವಿಲ್ಲ, ಆ ಬೀದಿಯವರಿಗೂ ಇಲ್ಲ.

ರಸ್ತೆ ಅಗಲಿಸುವ, ಮೆಟ್ರೋ ಎಳೆಯುವ ನಕ್ಷೆಯಲ್ಲೇ ಕೊಂಬೆಗೆ ಕೊಂಬೆ ಕೂಡುವ ಜಾಗಗಳನ್ನು ಗುರುತಿಸಬೇಕು. ತಂತಿಗಾಗಿ ಕೊಂಬೆ ಸವರುವ ಮುನ್ನ ಆ ನಕ್ಷೆ ನೋಡಬೇಕು. ಈಗಾಗಲೇ ಕಡಿದುಹೋದ ಕಡೆ ಹಗ್ಗದ ಸೇತುವೆ ಕಟ್ಟಿ ನೋಡಬಹುದು. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳು ರಸ್ತೆಯ ಮೇಲೆ ಕಟ್ಟಿದ ಇಂಥ ಸೇತುವೆಗಳಲ್ಲಿ ದಾಟುತ್ತಿವೆ. ಜೊತೆಗೆ ಕೊಂಬೆ ತಪ್ಪಿದ ಅದೇ ಜಾಗದಲ್ಲಿ ಸಸಿ ನೆಡಬೇಕು. ಈ ಮಳೆಗಾಲ ನೆಟ್ಟ ಹೊಂಗೆ ಎದುರು ಮರದ ಕೊಂಬೆಯನ್ನು ಮುಟ್ಟಲು ಎಷ್ಟೋ ಮಳೆಗಾಲ ಬೇಕು.