ಶಾಸನದ ನೆಲೆ ಮತ್ತು ಉಪಗ್ರಹದ ಸಾಕ್ಷ್ಯ

ಶಾಸನವೊಂದರ ಪಾಠವನ್ನು ಎಷ್ಟು ಶ್ರದ್ಧೆಯಿಂದ ಓದಬೇಕೋ ಅದರ ನೆಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಗುರುತಿಸಬೇಕು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳು ಕಲ್ಲಿನ ನೆಲೆಯನ್ನು ಊರು, ಗುಡಿ, ಕೆರೆ, ಹೊಲಗಳ ಮೂಲಕ ಸೂಚಿಸುತ್ತವೆ. ಶತಮಾನ ಕಳೆಯುವಷ್ಟರಲ್ಲಿ ಹೊಲವು ಬಡಾವಣೆಯಾಗುತ್ತದೆ, ಕೆರೆ ಬತ್ತುತ್ತದೆ. ಸೂಚನೆ ಉಳಿದರೂ ಕಲ್ಲು ಸಿಗದು. ಈ ಕಾರಣದಿಂದಲೇ ಬೆಂಗಳೂರಿನ ಮಿಥಿಕ್ ಸೊಸೈಟಿಯು ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುವುದರೊಂದಿಗೆ ಅವುಗಳ ನೆಲೆಯನ್ನು ನಕ್ಷೆಯಲ್ಲಿಯೂ ದಾಖಲಿಸುತ್ತಿದೆ.

ಕೊಲ್ಹಾಪುರ ಜಿಲ್ಲೆಗೆ ಈ ಕೆಲಸ ಇನ್ನೂ ಅಗತ್ಯವಾದುದು. ಇಲ್ಲಿ ಆಳಿದ ಶಿಲಾಹಾರರ ಅನೇಕ ಶಾಸನಗಳು ಕನ್ನಡದಲ್ಲಿವೆ; ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಹಳಗನ್ನಡ ಬರಹಗಳಿವೆ. 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ಪಂಚಗಂಗಾ–ಕೃಷ್ಣಾ ದಂಡೆಯಲ್ಲಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತ ವೀರಗಲ್ಲೊಂದು ಕೆಸರಿನಲ್ಲಿ ಹೂತುಹೋದರೆ ಅದನ್ನು ಮತ್ತೆ ಹುಡುಕಲು ಅಗೆಯಬೇಕಾದುದು ಒಂದು ಮಾರು ನೆಲವನ್ನೋ, ಇಡೀ ಗದ್ದೆಯನ್ನೋ ಎಂಬುದು ಹಿಂದೆ ಬರೆದಿಟ್ಟ ಅಂಕಿಗಳ ನಿಖರತೆಯನ್ನು ಅವಲಂಬಿಸಿದೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಕಾಲಸೂಚಕ ಸಂಕೇತಗಳನ್ನು ಕಳುಹಿಸುತ್ತವೆ. ಸಂಕೇತ ಬರಲು ಹಿಡಿದ ಸಮಯದಿಂದ ದೂರವನ್ನೂ, ಕನಿಷ್ಠ ನಾಲ್ಕು ಉಪಗ್ರಹಗಳ ದೂರದಿಂದ ನೆಲೆಯನ್ನೂ ಗ್ರಾಹಕವು ಲೆಕ್ಕಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರವು 300 ಮೀಟರಿನಷ್ಟು ತಪ್ಪುತ್ತದೆ. ಬಯಲಿನಲ್ಲಿ ಮೊಬೈಲಿನ ದೋಷವು ಸಾಮಾನ್ಯವಾಗಿ ಐದು ಮೀಟರಿನ ಆಸುಪಾಸಿನಲ್ಲಿರುತ್ತದೆ. ಇಚಲಕರಂಜಿಯಂತಹ ಮಗ್ಗದ ಊರಿನಲ್ಲಿ ಕಾಂಕ್ರೀಟ್ ಗೋಡೆ, ತಗಡಿನ ಮಾಡುಗಳಿಗೆ ತಾಗಿ ಬಳಸಿ ಬಂದ ಸಂಕೇತವು ದೂರವನ್ನು ಹೆಚ್ಚಾಗಿ ತೋರಿಸುತ್ತದೆ. ಗಡಹಿಂಗ್ಲಜದ ಕಡೆಯ ಗುಡ್ಡಗಳ ಮಗ್ಗುಲಲ್ಲಿ ಆಕಾಶದ ಒಂದು ಪಾರ್ಶ್ವವೇ ಮರೆಯಾಗುತ್ತದೆ. ಇವಲ್ಲದೆ ವಾತಾವರಣದ ಮೇಲ್ಪದರವಾದ ಅಯಾನುಗೋಳವು ಸಂಕೇತವನ್ನು ತಡಮಾಡುತ್ತದೆ. ನಮ್ಮ ಅಕ್ಷಾಂಶಗಳಲ್ಲಿ ಸೂರ್ಯಾಸ್ತದ ಅನಂತರ ಅದರ ಕ್ಷೋಭೆ ಹೆಚ್ಚಾಗುವುದುಂಟು. ಆದುದರಿಂದ ಅಳತೆಗೆ ಬೆಳಗಿನ ಹೊತ್ತು ಲೇಸು.

ದೋಷವನ್ನು ಕಡಿಮೆ ಮಾಡುವ ಬಗೆಯನ್ನು ಗ್ರಂಥಸಂಪಾದನೆಯನ್ನು ಓದಿದವರು ಸುಲಭವಾಗಿ ಗ್ರಹಿಸಬಲ್ಲರು. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಒಂದೇ ತಪ್ಪನ್ನು ಹತ್ತು ಬಾರಿ ಹೇಳುತ್ತವೆ. ಒಂದೇ ನಿಮಿಷದಲ್ಲಿ ಪಡೆದ ಅರವತ್ತು ಅಳತೆಗಳೂ ಹಾಗೆಯೇ: ಅವು ಪರಸ್ಪರ ಹೊಂದಿಕೊಂಡ ಮಾತ್ರಕ್ಕೆ ನಿಜವೆನಿಸವು. ಬೇರೆ ದಿನ, ಬೇರೆ ಹೊತ್ತಿನಲ್ಲಿ, ಉಪಗ್ರಹಗಳ ವಿನ್ಯಾಸ ಬದಲಾಗಿರುವಾಗ ಪಡೆದ ಅಳತೆಯು ಸ್ವತಂತ್ರ ಸಾಕ್ಷಿಯಾಗುತ್ತದೆ. ಅಂತಹ ಹಲವು ಅಳತೆಗಳ ಸರಾಸರಿಯೇ ನಂಬಲರ್ಹ. ಕಲ್ಲು ಗೋಡೆಗೆ ಒರಗಿದ್ದರೆ ಹತ್ತಿರದ ಬಯಲಿನಲ್ಲಿ ನೆಲೆಯನ್ನು ಅಳೆದು, ಅಲ್ಲಿಂದ ಕಲ್ಲಿಗಿರುವ ದೂರವನ್ನು ಟೇಪಿನಿಂದಲೂ ದಿಕ್ಕನ್ನು ದಿಕ್ಸೂಚಿಯಿಂದಲೂ ಗುರುತಿಸಬೇಕು.

ಉಪಕರಣಗಳ ನೆರವೂ ಉಂಟು. ಎರಡು ಆವರ್ತನಗಳನ್ನು ಗ್ರಹಿಸುವ ಮೊಬೈಲುಗಳು ಅಯಾನುಗೋಳದ ದೋಷವನ್ನು ತಗ್ಗಿಸಬಲ್ಲವು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ರೂಪಿಸಿದ ‘ಗಗನ್’ ವ್ಯವಸ್ಥೆಯು ತಿದ್ದುಪಡಿಗಳನ್ನು ಉಪಗ್ರಹದ ಮೂಲಕವೇ ಬಿತ್ತರಿಸುತ್ತದೆ. ಅದನ್ನು ಗ್ರಹಿಸುವ ಗ್ರಾಹಕ ಮಾತ್ರ ಬೇಕು. ಸರ್ವೇ ಆಫ್ ಇಂಡಿಯಾದ ಸ್ಥಿರ ಗ್ರಾಹಕಗಳ ಜಾಲದಿಂದ ತಿದ್ದುಪಡಿ ಪಡೆಯುವ ಸಾಧನಗಳು ಸೆಂಟಿಮೀಟರುಗಳ ನಿಖರತೆಯನ್ನು ಮುಟ್ಟುತ್ತವೆ.

ದಾಖಲೆಯಲ್ಲಿಯೂ ಪ್ರಾಮಾಣಿಕತೆ ಬೇಕು. ದಶಮಾಂಶದ ಐದನೆಯ ಸ್ಥಾನವು ನೆಲದ ಮೇಲೆ ಸುಮಾರು ಒಂದು ಮೀಟರಿಗೆ ಸಮ. ಐದು ಮೀಟರು ತಪ್ಪಬಲ್ಲ ಸಾಧನದಿಂದ ಎಂಟು ಸ್ಥಾನಗಳನ್ನು ಬರೆಯುವುದು ಹುಸಿ ನಿಖರತೆ. ಅಂಕಿಗಳ ಜೊತೆಗೆ ದಿನಾಂಕ, ಸಾಧನ, ಅಂದಾಜು ದೋಷ ಮತ್ತು ಊರಿನ ಹೆಸರಿನ ಕನ್ನಡ–ಮರಾಠಿ ರೂಪಗಳೆರಡನ್ನೂ ಬರೆಯಬೇಕು. ಹಳೆಯ ಪದ್ಧತಿಯಂತೆ ಗುಡಿ, ಬಾವಿ, ಮರಗಳ ಗುರುತನ್ನೂ ಬಿಡಬಾರದು. ಅಂಕಿಯೊಂದು ತಪ್ಪಿದ್ದರೆ ಅದನ್ನು ಹಿಡಿದುಕೊಡುವುದು ಆ ಮಾತಿನ ಗುರುತೇ.