ದಣಿದ ತಂದೆಯರಿಗೆ ಸಂತ ಜೋಸೆಫರ ಪಾಠ: ಪ್ರಾರ್ಥನೆ ಮತ್ತು ವಿಶ್ರಾಂತಿ

ನಮ್ಮ ಕುಟುಂಬಗಳಲ್ಲಿ ತಾಯಿಯ ತ್ಯಾಗದ ಬಗ್ಗೆ ನಾವು ಬಹಳಷ್ಟು ಮಾತನಾಡುತ್ತೇವೆ. ಅದು ಸರಿಯೇ. ಆದರೆ ತಂದೆಯ ದಣಿವಿನ ಬಗ್ಗೆ ಮಾತನಾಡುವುದು ಕಡಿಮೆ. ಮಕ್ಕಳ ಕಾಲೇಜು ಫೀಸು, ಮನೆ ಸಾಲದ ಕಂತು, ವಯಸ್ಸಾದ ಹೆತ್ತವರ ಔಷಧಿ – ಇವೆಲ್ಲದರ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ಅನೇಕ ತಂದೆಯರು ರಾತ್ರಿ ಮಲಗುತ್ತಾರೆ. ದಣಿವಾಗಿದೆ ಎಂದು ಹೇಳುವುದು ಗಂಡಸಿಗೆ ಅವಮಾನ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಹೇಳದೆ ಉಳಿದ ದಣಿವು ಕೊನೆಗೆ ಸಿಟ್ಟಾಗಿ ಹೆಂಡತಿ ಮಕ್ಕಳ ಮೇಲೆ ಬೀಳುತ್ತದೆ, ಇಲ್ಲವೇ ಕುಡಿತದ ಕಡೆಗೆ ಎಳೆಯುತ್ತದೆ. ಇಂಥ ತಂದೆಗೆ ನಮ್ಮ ವಿಶ್ವಾಸ ಏನು ಹೇಳುತ್ತದೆ?

ಮೊದಲು ಸಂತ ಜೋಸೆಫರನ್ನು ನೋಡೋಣ. ಶುಭಸಂದೇಶಗಳಲ್ಲಿ ಅವರು ಆಡಿದ ಒಂದೇ ಒಂದು ಮಾತೂ ದಾಖಲಾಗಿಲ್ಲ. ಆದರೆ ಸಂತ ಮತ್ತಾಯರು ಬರೆದ ಶುಭಸಂದೇಶದಲ್ಲಿ ಅವರು ನಾಲ್ಕು ಬಾರಿ ಕನಸಿನಲ್ಲಿ ದೇವರ ನಿರ್ದೇಶನ ಪಡೆಯುತ್ತಾರೆ. ಮರಿಯಳನ್ನು ಸ್ವೀಕರಿಸಲು, ಮಗುವಿನೊಂದಿಗೆ ಈಜಿಪ್ಟಿಗೆ ಓಡಿಹೋಗಲು, ಅಲ್ಲಿಂದ ಹಿಂತಿರುಗಲು, ಕೊನೆಗೆ ಗಲಿಲೇಯ ಪ್ರಾಂತ್ಯಕ್ಕೆ ಹೋಗಲು. ದೊಡ್ಡ ಸಂಕಟದ ನಡುವೆಯೂ ಅವರು ನಿದ್ರಿಸಿದರು. ಎದ್ದ ಕೂಡಲೇ ತಡಮಾಡದೆ ಕೆಲಸಕ್ಕೆ ಹೊರಟರು.

2015ರ ಜನವರಿ 16ರಂದು ಫಿಲಿಪ್ಪೀನ್ಸಿನ ಮನಿಲಾದಲ್ಲಿ ಕುಟುಂಬಗಳೊಂದಿಗೆ ಮಾತನಾಡಿದ ಪೋಪ್ ಫ್ರಾನ್ಸಿಸ್ ಇದನ್ನೇ ವಿವರಿಸಿದರು. ತಮ್ಮ ಮೇಜಿನ ಮೇಲೆ ನಿದ್ರಿಸುತ್ತಿರುವ ಸಂತ ಜೋಸೆಫರ ಪ್ರತಿಮೆ ಇದೆ, ಕಷ್ಟ ಬಂದಾಗ ಅದನ್ನು ಒಂದು ಚೀಟಿಯಲ್ಲಿ ಬರೆದು ಪ್ರತಿಮೆಯ ಅಡಿಯಲ್ಲಿ ಇಡುತ್ತೇನೆ ಎಂದು ಅವರು ಹೇಳಿದ್ದರು. ಇದರಲ್ಲಿ ನಮಗೊಂದು ಪಾಠವಿದೆ. ರಾತ್ರಿ ನಮ್ಮಿಂದ ಆಗದ ಕೆಲಸವನ್ನು ದೇವರಿಗೆ ಒಪ್ಪಿಸಿ ಮಲಗುವುದು ಬೇಜವಾಬ್ದಾರಿಯಲ್ಲ, ಅದೂ ವಿಶ್ವಾಸದ ಒಂದು ಕ್ರಿಯೆ.

ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಎಲೀಯನ ಪ್ರಸಂಗವೂ ಇದನ್ನೇ ಹೇಳುತ್ತದೆ (1 ಅರಸುಗಳು 19). ರಾಣಿ ಈಜೆಬೆಲಳ ಭಯದಿಂದ ಓಡಿದ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ತನಗೆ ಸಾವು ಬರಲಿ ಎಂದು ಬೇಡಿಕೊಂಡ. ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅವನನ್ನು ನಿದ್ರಿಸಲು ಬಿಟ್ಟರು. ದೂತನ ಮೂಲಕ ಎರಡು ಬಾರಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟರು. ಆ ಆಹಾರದ ಬಲದಿಂದ ಅವನು 40 ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದ. ದೇಹದ ದಣಿವನ್ನು ದೇವರು ಪಾಪವೆಂದು ಎಣಿಸುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟ.

ವಿಶ್ರಾಂತಿ ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ, ಅದು ದೇವರ ಹತ್ತು ಆಜ್ಞೆಗಳಲ್ಲಿ ಸೇರಿದೆ. ವಿಮೋಚನಾಕಾಂಡದ 20ನೇ ಅಧ್ಯಾಯದ ಪ್ರಕಾರ ಆ ದಿನದ ಬಿಡುವು ಮನೆಯ ಯಜಮಾನನಿಗೆ ಮಾತ್ರವಲ್ಲ, ಮಕ್ಕಳಿಗೆ, ಕೆಲಸದಾಳುಗಳಿಗೆ, ಜಾನುವಾರುಗಳಿಗೆ, ಪರದೇಶಿಗೂ ಸಲ್ಲಬೇಕು. 1891ರಲ್ಲಿ ಪೋಪ್ 13ನೇ ಲಿಯೋ ಕಾರ್ಮಿಕರ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಭಾನುವಾರದ ಬಿಡುವು ಕಾರ್ಮಿಕನ ಹಕ್ಕು ಎಂದು ವಾದಿಸಿದರು. ಸಂತ ದ್ವಿತೀಯ ಜಾನ್ ಪೌಲರು 1998ರ ಮೇ 31ರಂದು ಭಾನುವಾರದ ಪಾವಿತ್ರ್ಯದ ಬಗ್ಗೆಯೇ ಒಂದು ಪ್ರೇಷಿತ ಪತ್ರವನ್ನು ಹೊರಡಿಸಿದರು.

ಆದರೆ ಭಾನುವಾರವೂ ದುಡಿಯಬೇಕಾದ ತಂದೆಯರ ಗತಿಯೇನು? ಬಸ್ ಚಾಲಕರು, ಹೋಟೆಲ್ ಕೆಲಸಗಾರರು, ಆಸ್ಪತ್ರೆ ಸಿಬ್ಬಂದಿ, ಕಾವಲುಗಾರರು ನಮ್ಮ ಎಲ್ಲಾ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಕುಟುಂಬದ ಅಗತ್ಯ ಹಾಗೂ ಸಮಾಜಕ್ಕೆ ಅವಶ್ಯವಾದ ಸೇವೆ ಭಾನುವಾರದ ವಿಶ್ರಾಂತಿಯಿಂದ ವಿನಾಯಿತಿಗೆ ನ್ಯಾಯವಾದ ಕಾರಣಗಳು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಒಪ್ಪುತ್ತದೆ (2185). ಆದರೆ ಅದೇ ರೂಢಿಯಾಗಿ ಭಕ್ತಿ, ಕುಟುಂಬ ಜೀವನ, ಆರೋಗ್ಯ ಕೆಡಬಾರದು ಎಂದೂ ಎಚ್ಚರಿಸುತ್ತದೆ. ಅಂಥವರು ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಬಹುದು, ವಾರದಲ್ಲಿ ಇನ್ನೊಂದು ಅರ್ಧ ದಿನವನ್ನಾದರೂ ಮನೆಯವರಿಗಾಗಿ ಮೀಸಲಿಡಬಹುದು.

ಮೀನುಗಾರಿಕೆಯಲ್ಲಿರುವ ತಂದೆಯರ ಪರಿಸ್ಥಿತಿ ಬೇರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಬಿಡುವು ಸಿಗುತ್ತದೆ, ಆದರೆ ಆದಾಯವಿಲ್ಲದ ಚಿಂತೆ ನಿದ್ದೆ ಕೆಡಿಸುತ್ತದೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವವರಿಗೆ ಮನೆಯವರ ಜೊತೆ ಕೂತು ಪ್ರಾರ್ಥಿಸುವ ಭಾಗ್ಯವಿಲ್ಲ. ಆದರೂ ಒಂದು ದಾರಿ ಇದೆ. ಊರಿನಲ್ಲಿ ರಾತ್ರಿ ಏಳೂವರೆ ಎಂದರೆ ದುಬೈಯಲ್ಲಿ ಸಂಜೆ ಆರು ಗಂಟೆ. ದಿನವೂ ಆಗದಿದ್ದರೆ ವಾರಕ್ಕೊಮ್ಮೆಯಾದರೂ ಫೋನಿನಲ್ಲೇ ಜಪಸರದ ಒಂದು ರಹಸ್ಯವನ್ನು ಮನೆಯವರೊಂದಿಗೆ ಹೇಳಬಹುದು.

ನಮ್ಮ ಕರಾವಳಿಯ ಮನೆಗಳಲ್ಲಿ ಸಂಜೆಯ ಜಪಸರದ ನಂತರ ಮಕ್ಕಳು ಹಿರಿಯರ ಬಳಿ 'ಬೆಸಾಂವ್' ಕೇಳುವ ಪದ್ಧತಿ ಇದೆ. ಇದನ್ನು ಬಿಡಬಾರದು. ದಿನವಿಡೀ ಯಾರದೋ ಮಾತು ಕೇಳಿ ಬಂದ ತಂದೆ, ಮಗುವಿನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವಾಗ ತಾನು ಹಣ ತರುವವನು ಮಾತ್ರವಲ್ಲ ಎಂಬುದನ್ನು ನೆನಪಿಸಿಕೊಳ್ಳುತ್ತಾನೆ. ಮಕ್ಕಳಿಗೂ ಅದು ಅರ್ಥವಾಗುತ್ತದೆ.

ಇನ್ನೊಂದು ಮಾತು. ಅಮಾಲೇಕ್ಯರೊಂದಿಗಿನ ಯುದ್ಧದಲ್ಲಿ ಪ್ರಾರ್ಥಿಸುತ್ತಿದ್ದ ಮೋಶೆಯ ಕೈಗಳು ಸೋತಾಗ ಆರೋನ ಮತ್ತು ಹೂರ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಎರಡೂ ಕೈಗಳನ್ನು ಸಂಜೆಯವರೆಗೆ ಎತ್ತಿ ಹಿಡಿದರು (ವಿಮೋಚನಾಕಾಂಡ 17). ತಂದೆಗೂ ಇಂಥ ಆಸರೆ ಬೇಕು. ಸಾಲದ ವಿಷಯವನ್ನು ಹೆಂಡತಿಯಿಂದ ಮುಚ್ಚಿಡುವ ಬದಲು ಆಕೆಯೊಂದಿಗೆ ಹೇಳಿಕೊಳ್ಳಬೇಕು. ಅಗತ್ಯವಿದ್ದಲ್ಲಿ ಧರ್ಮಗುರುಗಳನ್ನು, ವಾಳೆಯ ಗುರ್ಕಾರರನ್ನು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರನ್ನು ಕಾಣಬೇಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಪ್ರಾರ್ಥನೆಗೂ ಔಷಧಿಗೂ ವಿರೋಧವಿಲ್ಲ.

ಆದ್ದರಿಂದ ತಂದೆಯರೇ, ಇಂದು ರಾತ್ರಿ ಮೊಬೈಲನ್ನು ಬದಿಗಿಟ್ಟು ಐದು ನಿಮಿಷ ಮೌನವಾಗಿ ಕುಳಿತುಕೊಳ್ಳೋಣ. ಆದದ್ದಕ್ಕೆ ದೇವರಿಗೆ ವಂದಿಸಿ, ಆಗದೆ ಉಳಿದುದನ್ನು ಸಂತ ಜೋಸೆಫರ ಮೂಲಕ ಅವರಿಗೆ ಒಪ್ಪಿಸೋಣ. ಮನೆಯವರೂ ತಂದೆಗಾಗಿ ಒಂದು 'ನಮೋ ಮರಿಯಾ' ಹೇಳಲಿ. ಅವರು ನೆಮ್ಮದಿಯಾಗಿ ನಿದ್ರಿಸಲಿ.