ಮಣ್ಣು ಮಾಡುವುದು ಎಂದರೆ...



ಊರಿನಿಂದ ಸಾವಿನ ಸುದ್ದಿ ಬಂದಾಗ ಮನೆಯಲ್ಲಿ ಹಿರಿಯರು "ಮಣ್ಣಿಗೆ ಹೋಗಬೇಕು" ಎನ್ನುವುದನ್ನು ನೀವು ಕೇಳಿರಬಹುದು. ಶವವನ್ನು ಹೂಳುವುದಕ್ಕೆ ಕನ್ನಡದಲ್ಲಿ 'ಮಣ್ಣು ಮಾಡುವುದು' ಎಂಬ ಮಾತಿದೆ. ಆ ಮಾತನ್ನು ಅಕ್ಷರಶಃ ನಿಜ ಮಾಡುವ ಪದ್ಧತಿಯೊಂದು ಅಮೆರಿಕದಲ್ಲಿ ಬಂದಿದೆ.

ಶವವನ್ನು ಗೊಬ್ಬರವಾಗಿಸಲು ವಾಷಿಂಗ್ಟನ್ ರಾಜ್ಯ 2019ರಲ್ಲಿ ಕಾನೂನಿನ ಒಪ್ಪಿಗೆ ಕೊಟ್ಟಿತು. ವಾಸ್ತುಶಿಲ್ಪ ಓದಿದ ಕತ್ರೀನಾ ಸ್ಪೇಡ್ ಸ್ಥಾಪಿಸಿದ 'ರೀಕಂಪೋಸ್' ಸಂಸ್ಥೆ 2020ರ ಡಿಸೆಂಬರಿನಲ್ಲಿ ಸಿಯಾಟಲ್ ಬಳಿ ಕೆಲಸ ಆರಂಭಿಸಿತು. ಆಮೇಲೆ ಕೊಲರಾಡೊ, ಆರೆಗಾನ್, ನ್ಯೂಯಾರ್ಕ್ ಮುಂತಾದ ರಾಜ್ಯಗಳೂ ಒಪ್ಪಿದವು.

ವಿಧಾನ ಸರಳ. ಉಕ್ಕಿನ ದೊಡ್ಡ ಪೆಟ್ಟಿಗೆಯಲ್ಲಿ ಮರದ ಚಕ್ಕೆ, ಒಣಹುಲ್ಲು, ಕುದುರೆಮಸಾಲೆ ಸೊಪ್ಪಿನ ನಡುವೆ ಶವವನ್ನಿಟ್ಟು ಗಾಳಿ ಹಾಯಿಸುತ್ತಾರೆ. ಉಳಿದದ್ದು ಸೂಕ್ಷ್ಮಜೀವಿಗಳ ಕೆಲಸ. ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ರೋಗಾಣುಗಳು ಸಾಯುತ್ತವೆ. 5ರಿಂದ 7 ವಾರಗಳ ನಂತರ ಮೂಳೆಗಳನ್ನು ಪುಡಿ ಮಾಡಿ ಬೆರೆಸಿ, ಮತ್ತೆ ಕೆಲವು ವಾರ ಹದಗೊಳಿಸುತ್ತಾರೆ. ಕೊನೆಗೆ ಸುಮಾರು ಮುಕ್ಕಾಲು ಘನ ಮೀಟರ್ ಮಣ್ಣು ಸಿಗುತ್ತದೆ. ಮನೆಯವರು ಅದನ್ನು ತೋಟಕ್ಕೆ ಹಾಕಬಹುದು, ಇಲ್ಲವೇ ಕಾಡು ಬೆಳೆಸಲು ದಾನ ಕೊಡಬಹುದು.

ಇದರಿಂದ ಲಾಭವೇನು? ಒಂದು ಚಿತೆಗೆ ಸುಮಾರು 300ರಿಂದ 500 ಕಿಲೋ ಕಟ್ಟಿಗೆ ಬೇಕು. ವಿದ್ಯುತ್ ಅಥವಾ ಗ್ಯಾಸ್ ಚಿತಾಗಾರಕ್ಕೂ ಇಂಧನ ಬೇಕೇ ಬೇಕು. ಹೂಳೋಣವೆಂದರೆ ಮಹಾನಗರಗಳಲ್ಲಿ ಜಾಗವಿಲ್ಲ.

"ಮನುಷ್ಯರನ್ನು ತಿಪ್ಪೆಗೆ ಹಾಕುವುದೇ?" ಎಂದು ಅಜ್ಜಿ ಕೇಳಿದರೆ ನಗಬೇಡಿ. ಸತ್ತವರ ಘನತೆಗೆ ಇದು ತಕ್ಕದ್ದಲ್ಲವೆಂದು ನ್ಯೂಯಾರ್ಕಿನ ಕ್ಯಾಥೊಲಿಕ್ ಬಿಷಪ್ಪರೂ ವಿರೋಧಿಸಿದ್ದರು. ಆದರೆ ಮಣ್ಣಿಗೆ ಮರಳುವುದು ನಮಗೆ ಹೊಸದಲ್ಲ. ಲಿಂಗಾಯತರು ದೇಹವನ್ನು ಪೆಟ್ಟಿಗೆಯಿಲ್ಲದೆ, ಕುಳಿತ ಭಂಗಿಯಲ್ಲಿ, ವಿಭೂತಿಯೊಂದಿಗೆ ಭೂಮಿಗೆ ಒಪ್ಪಿಸುತ್ತಾರೆ. ಅಲ್ಲಿಯೂ ದೇಹ ಮಣ್ಣಾಗುತ್ತದೆ, ನಿಧಾನವಾಗಿ.

ಈ ಹೊಸ ವ್ಯವಸ್ಥೆ ನಮ್ಮ ದೇಶದಲ್ಲಿಲ್ಲ. ಆದರೂ ಇದನ್ನು ನಿಮಗೆ ಹೇಳಲು ಕಾರಣವಿದೆ. ಊರಿನಲ್ಲಾದರೆ ಇಂಥ ಹೊತ್ತಿನಲ್ಲಿ ಬಂಧುಬಳಗ ಕೂಡಿ ನಿರ್ಧರಿಸುತ್ತದೆ. ಇಲ್ಲಿ, ಪರಊರಿನಲ್ಲಿ, ಮುಂದೊಂದು ದಿನ ನಿರ್ಧಾರ ನಿಮ್ಮೊಬ್ಬರ ತಲೆಯ ಮೇಲೆ ಬೀಳಬಹುದು. ಊರಿಗೆ ಒಯ್ಯಬೇಕೆ, ಇಲ್ಲೇ ಮಾಡಬೇಕೆ? ಬೆಂಕಿಯೋ, ಮಣ್ಣೋ? ಅಪ್ಪ, ಅಮ್ಮ ಗಟ್ಟಿಮುಟ್ಟಾಗಿರುವಾಗಲೇ ಅವರ ಇಚ್ಛೆ ಕೇಳಿಟ್ಟುಕೊಳ್ಳಿ. ಅದು ಅಪಶಕುನವಲ್ಲ. ಬಾಯಿಬಿಟ್ಟು ಕೇಳಲು ಕಷ್ಟವೆನಿಸಿದರೆ, ಈ ಪುಟವನ್ನು ಅವರಿಗೆ ಓದಿ ಹೇಳಿ. ಮಾತು ತಾನಾಗಿ ಬರುತ್ತದೆ.